ಪರದೆ ಕಲಿಸಿದ ನ್ಯಾಯ

ನಮ್ಮ ಶಿರೂರಿನಲ್ಲಿ ಇಳಕಲ್ ಸೀರೆ ಕೊಳ್ಳುವಾಗ ನೇಯ್ದವರು ಗಂಡೋ ಹೆಣ್ಣೋ ಎಂದು ಯಾರೂ ಕೇಳುವುದಿಲ್ಲ; ನೇಯ್ಗೆ ನೋಡುತ್ತಾರೆ. ಕೆಲಸ ಕೊಡುವಾಗ ಮಾತ್ರ ಈ ನ್ಯಾಯ ಮರೆತುಹೋಗುತ್ತದೆ!

ಬೆಂಗಳೂರಿನ ಘಟಂ ವಾದಕಿ ಸುಕನ್ಯಾ ರಾಮಗೋಪಾಲ್ ಅವರ ಜೊತೆ ನುಡಿಸಲು, ಹೆಣ್ಣೆಂಬ ಕಾರಣಕ್ಕೇ ಕೆಲವು ಮೃದಂಗ ವಾದಕರು ಒಪ್ಪಲಿಲ್ಲ. ಅವರು ಎದೆಗುಂದದೆ 1995ರಲ್ಲಿ ಮಹಿಳೆಯರದೇ ‘ಸ್ತ್ರೀ ತಾಳ ತರಂಗ’ ತಂಡ ಕಟ್ಟಿದರು.

ವಿದೇಶದಲ್ಲೂ ಇದೇ ಕಥೆ. 1842ರಲ್ಲಿ ಹುಟ್ಟಿದ ವಿಯೆನ್ನಾ ಫಿಲ್‌ಹಾರ್ಮೋನಿಕ್ ವಾದ್ಯವೃಂದ ಮಹಿಳೆಯರಿಗೆ ಸದಸ್ಯತ್ವದ ಬಾಗಿಲು ತೆರೆದದ್ದು 1997ರಲ್ಲಿ! ಅಮೆರಿಕದ ಹಲವು ವಾದ್ಯವೃಂದಗಳು 1970ರ ದಶಕದಿಂದ ಅಭ್ಯರ್ಥಿಗಳನ್ನು ಪರದೆಯ ಹಿಂದೆ ಕೂರಿಸಿ ಪರೀಕ್ಷಿಸತೊಡಗಿದವು. ತೀರ್ಪುಗಾರರಿಗೆ ಮುಖ ಕಾಣದು, ವಾದ್ಯ ಮಾತ್ರ ಕೇಳುತ್ತದೆ. ಆಮೇಲೆ ಅಲ್ಲಿ ಮಹಿಳೆಯರ ಸಂಖ್ಯೆ ಹೆಚ್ಚುತ್ತಾ ಬಂತು.

ಕೆಲಸ ಕೊಡುವವರ ಮಾತು ಹಾಗಿರಲಿ. ಮಗಳು ಅರ್ಜಿ ಹಿಡಿದು ಬಂದಾಗ ನಾವು ಮೊದಲು ನೋಡುವುದೇನು? ಅವಳ ಕಲಿಕೆಯನ್ನೋ, ಅವಳು ಹೆಣ್ಣೆಂಬುದನ್ನೋ?