ಋಣ ಯಾರಿಗೆ, ಹಂಗು ಯಾರದು?

2025ರ ಜುಲೈನಲ್ಲಿ ಫಿಲಿಪ್ಪೀನ್ಸ್ ಸೆನೆಟಿನಲ್ಲಿ ಮಂಡನೆಯಾದ ಮಸೂದೆಯೊಂದು ಅಲ್ಲಿನ ಯುವಜನರ ನಡುವೆ ದೊಡ್ಡ ವಾಗ್ವಾದವನ್ನೇ ಹುಟ್ಟುಹಾಕಿತು. ಸೆನೆಟರ್ ಪಾನ್‌ಫಿಲೊ ಲ್ಯಾಕ್ಸನ್ ಮುಂದಿಟ್ಟ ಆ ಮಸೂದೆಯ ಪ್ರಕಾರ, ವೃದ್ಧಾಪ್ಯದಿಂದಲೋ ಕಾಯಿಲೆಯಿಂದಲೋ ಅಸಹಾಯಕರಾದ ತಂದೆ-ತಾಯಿಯನ್ನು ಪೋಷಿಸುವುದು ಮಕ್ಕಳ ಹೊಣೆ. ತಪ್ಪಿದರೆ ದಂಡ, ಸೆರೆವಾಸ. ಮಕ್ಕಳನ್ನು ಹಿಂಸಿಸಿದ, ತೊರೆದುಹೋದ ಪೋಷಕರಿಗೆ ಈ ಹಕ್ಕಿಲ್ಲ ಎಂಬ ವಿನಾಯಿತಿಯೂ ಅದರಲ್ಲಿತ್ತು. ಇಂಥ ಕಾನೂನು ನಮಗೆ ಅಪರಿಚಿತವಲ್ಲ. ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆಗೆ ಸಂಬಂಧಿಸಿದ ಕಾಯ್ದೆ ಭಾರತದಲ್ಲಿ 2007ರಲ್ಲೇ ಬಂದಿದೆ. ಫಿಲಿಪ್ಪೀನ್ಸಿನಲ್ಲೂ ತಂದೆ-ತಾಯಿ ಮತ್ತು ಮಕ್ಕಳು ಪರಸ್ಪರ ಪೋಷಿಸಬೇಕೆಂದು 1987ರ ಕೌಟುಂಬಿಕ ಸಂಹಿತೆ ಹೇಳುತ್ತದೆ. ಹೊಸ ಮಸೂದೆ ಅದಕ್ಕೆ ಜೈಲಿನ ಭಯವನ್ನು ಸೇರಿಸಹೊರಟಿತ್ತು, ಅಷ್ಟೆ.

ಮೇಲ್ನೋಟಕ್ಕೆ ಈ ವಾಗ್ವಾದ ಎಲ್ಲ ದೇಶಗಳಲ್ಲೂ ನಡೆಯುವ ತಲೆಮಾರುಗಳ ಜಗಳದಂತೆ ಕಾಣುತ್ತದೆ. ಹಿರಿಯರು ಕೃತಜ್ಞತೆಯ ಮಾತನಾಡಿದರು. ಕಿರಿಯರು 'ಮಕ್ಕಳೆಂದರೆ ತಂದೆ-ತಾಯಿಯ ನಿವೃತ್ತಿ ಯೋಜನೆಯಲ್ಲ' ಎಂದರು. ಆದರೆ ಕಿರಿಯರ ತಕರಾರು ಹೆತ್ತವರನ್ನು ಸಾಕಬೇಕಾದುದರ ಬಗ್ಗೆ ಆಗಿರಲಿಲ್ಲ. ಆ ಕೆಲಸವನ್ನು ಅವರಲ್ಲಿ ಬಹುಮಂದಿ ಈಗಾಗಲೇ ಮಾಡುತ್ತಿದ್ದಾರೆ. ಒಳಗಿನಿಂದ ಹುಟ್ಟಬೇಕಾದುದನ್ನು ಹೊರಗಿನಿಂದ ವಸೂಲಿ ಮಾಡುವ ಅಧಿಕಾರ ಯಾರಿಗಿದೆ ಎಂಬುದು ಅವರ ಪ್ರಶ್ನೆಯಾಗಿತ್ತು. ಇಂದಿನ ಫಿಲಿಪಿನೊ ತರುಣ ತನ್ನ ಮೌಲ್ಯಗಳ ಬಗ್ಗೆ ಯೋಚಿಸತೊಡಗಿದಾಗ ಮೊದಲು ಎಡವುವುದು ಇಲ್ಲಿಯೇ.

ಅವನ ಭಾಷೆಯಲ್ಲಿ ಇದಕ್ಕೊಂದು ಪದವಿದೆ: 'ಉತಂಗ್ ನಾ ಲೊಓಬ್'. 'ಉತಂಗ್' ಎಂದರೆ ಸಾಲ. 'ಲೊಓಬ್' ಎಂದರೆ ಒಳಗು, ಅಂತರಂಗ. ಹಣದ ಸಾಲವನ್ನು ತೀರಿಸಬಹುದು, ಅಂತರಂಗದ ಸಾಲ ತೀರುವಂಥದ್ದಲ್ಲ ಎಂಬುದು ಅದರ ಭಾವ. ಜನ್ಮ ಕೊಟ್ಟವರು, ಕಷ್ಟಕಾಲದಲ್ಲಿ ಕೈಹಿಡಿದವರು, ಓದಿಸಿದವರು ಎಲ್ಲರಿಗೂ ಮನುಷ್ಯ ಈ ಸಾಲದಲ್ಲಿರುತ್ತಾನೆ. 'ಉತಂಗ್ ನಾ ಲೊಓಬ್ ಇಲ್ಲದವನು' ಎನ್ನುವುದು ಅಲ್ಲಿ ದೊಡ್ಡ ಬೈಗುಳ. ಕನ್ನಡದಲ್ಲಿ ಇದಕ್ಕೆ ಎರಡು ಪದಗಳು ಬೇಕಾಗುತ್ತವೆ. ಒಂದು ಋಣ, ಇನ್ನೊಂದು ಹಂಗು. ಋಣವನ್ನು ನಾವಾಗಿಯೇ ನೆನೆಯುತ್ತೇವೆ. ಹಂಗನ್ನು ಇನ್ನೊಬ್ಬರು ನೆನಪಿಸುತ್ತಾರೆ. ಫಿಲಿಪಿನೊ ಪದದೊಳಗೆ ಇವೆರಡೂ ಬೇರ್ಪಡದೆ ಕೂಡಿಕೊಂಡಿವೆ. ಹೊಸ ತಲೆಮಾರಿನ ತೊಳಲಾಟವೆಲ್ಲ ಇವನ್ನು ಬಿಡಿಸಿಕೊಳ್ಳುವ ಪ್ರಯತ್ನವೇ ಆಗಿದೆ.

ಇದರ ಜೊತೆಗೆ ಇನ್ನೆರಡು ಮಾತುಗಳನ್ನು ತಿಳಿಯಬೇಕು. 'ಹಿಯಾ' ಎಂದರೆ ನಾಚಿಕೆ, ಸಂಕೋಚ, ಇತರರೆದುರು ಇರಬೇಕಾದ ಅಳುಕು. 'ಕಪ್ವಾ' ಎಂದರೆ ಸಹಮಾನವ. ಎರಡನೆಯ ಮಹಾಯುದ್ಧದ ನಂತರ ಈ ಸಮಾಜವನ್ನು ಅಧ್ಯಯನ ಮಾಡಿದ ಅಮೆರಿಕದ ವಿದ್ವಾಂಸರು ಸಂಕೋಚ, ಉಪಕಾರಸ್ಮರಣೆ, ಹೊಂದಿಕೊಂಡು ಹೋಗುವ ಗುಣಗಳನ್ನು ಬಿಡಿಬಿಡಿಯಾಗಿ ಪಟ್ಟಿಮಾಡಿದರು. ಅಮೆರಿಕದಲ್ಲಿಯೇ ಮನಶ್ಶಾಸ್ತ್ರ ಕಲಿತು 1971ರಲ್ಲಿ ಫಿಲಿಪ್ಪೀನ್ಸ್ ವಿಶ್ವವಿದ್ಯಾಲಯಕ್ಕೆ ಮರಳಿದ ವಿರ್ಜಿಲಿಯೊ ಎನ್ರಿಕೆಜ್ ಇದನ್ನು ಒಪ್ಪಲಿಲ್ಲ. ಇವೆಲ್ಲ ಮೇಲ್ಪದರದ ಗುಣಗಳು; ಇವುಗಳ ಬೇರು 'ಕಪ್ವಾ'ದಲ್ಲಿದೆ ಎಂಬುದು ಅವರ ವಾದ. ಆ ಪದವನ್ನು 'ಇತರರು' ಎಂದು ಅನುವಾದಿಸಿದರೆ ಅರ್ಥ ಕೆಡುತ್ತದೆ, ಏಕೆಂದರೆ ಅಲ್ಲಿ 'ನಾನು' ಎನ್ನುವುದು ಇತರರಿಂದ ಹೊರಗಿಲ್ಲ. ಈ ಸಮಾನತೆಯ ಭಾವವನ್ನು ಕಳೆದುಕೊಂಡಾಗ ಕೃತಜ್ಞತೆ ಅಡಿಯಾಳುತನವಾಗುತ್ತದೆ, ಸಂಕೋಚ ಬಾಯಿಗೆ ಬೀಗ ಹಾಕುತ್ತದೆ.

ಆಧುನಿಕ ಫಿಲಿಪ್ಪೀನ್ಸಿನಲ್ಲಿ ಆದದ್ದು ಬಹುಮಟ್ಟಿಗೆ ಇದೇ. 1974ರಲ್ಲಿ ಫರ್ಡಿನಂಡ್ ಮಾರ್ಕೋಸ್ ಸರ್ಕಾರ ತಂದ ಕಾರ್ಮಿಕ ಸಂಹಿತೆ, ವಿದೇಶಕ್ಕೆ ಕೆಲಸಗಾರರನ್ನು ಕಳುಹಿಸುವುದನ್ನು ಸರ್ಕಾರದ ವ್ಯವಸ್ಥಿತ ಕಾರ್ಯಕ್ರಮವನ್ನಾಗಿಸಿತು. ತೈಲದಿಂದ ಶ್ರೀಮಂತವಾದ ಕೊಲ್ಲಿ ದೇಶಗಳು, ಹಾಂಗ್‌ಕಾಂಗ್‌ನ ಮನೆಗಳು, ಪಾಶ್ಚಾತ್ಯ ಆಸ್ಪತ್ರೆಗಳು, ಜಗತ್ತಿನ ಸರಕು ಹಡಗುಗಳು ಫಿಲಿಪಿನೊಗಳಿಂದ ತುಂಬಿದವು. 1988ರಲ್ಲಿ ಅಧ್ಯಕ್ಷೆ ಕೊರಜಾನ್ ಅಕ್ವಿನೊ ಹಾಂಗ್‌ಕಾಂಗ್‌ನ ಮನೆಗೆಲಸದ ಮಹಿಳೆಯರನ್ನು 'ಹೊಸ ವೀರರು' ಎಂದು ಕರೆದರು. 2024ರಲ್ಲಿ ಇಂಥವರು ಬ್ಯಾಂಕುಗಳ ಮೂಲಕ ಊರಿಗೆ ಕಳುಹಿಸಿದ ಮೊತ್ತ 3,400 ಕೋಟಿ ಡಾಲರಿಗೂ ಹೆಚ್ಚು. ಹತ್ತು ಕೋಟಿಗೂ ಮಿಕ್ಕ ಜನರ ದೇಶವೊಂದು ಮಕ್ಕಳ, ತಾಯಂದಿರ ಋಣಪ್ರಜ್ಞೆಯನ್ನೇ ತನ್ನ ಅರ್ಥವ್ಯವಸ್ಥೆಯ ಆಧಾರಸ್ತಂಭ ಮಾಡಿಕೊಂಡಿದೆ.

ಮನಿಲಾದಲ್ಲೇ ಉಳಿದವರ ಕಥೆಯೂ ಬಹಳ ಭಿನ್ನವಲ್ಲ. ದೂರವಾಣಿ ಮೂಲಕ ಗ್ರಾಹಕರೊಡನೆ ಮಾತನಾಡುವ ಕಾಲ್ ಸೆಂಟರ್ ಕೆಲಸದಲ್ಲಿ ಫಿಲಿಪ್ಪೀನ್ಸ್ 2010ರ ಸುಮಾರಿಗೆ ಭಾರತವನ್ನೇ ಹಿಂದಿಕ್ಕಿತು. ಅಲ್ಲಿ ಇಡೀ ರಾತ್ರಿ ಅಮೆರಿಕದ ಗ್ರಾಹಕನಿಗೆ ಸಮಾಧಾನ ಹೇಳಿ, ಬೆಳಿಗ್ಗೆ ಜೀಪ್ನಿ ಹಿಡಿದು ಮನೆಗೆ ಮರಳುವ ಇಪ್ಪತ್ತೈದರ ಯುವತಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಅವಳು ಮನೆಯ ಹಿರಿಯ ಮಗಳು. ಸಂಬಳ ಬಂದ ದಿನವೇ ಅದು ತಮ್ಮನ ಕಾಲೇಜು ಶುಲ್ಕ, ತಂದೆಯ ಮಾತ್ರೆ, ಮನೆ ಬಾಡಿಗೆಗಳಾಗಿ ಹಂಚಿಹೋಗುತ್ತದೆ. ಪ್ರೀತಿಯಿಲ್ಲದೆ ಅವಳು ಇದನ್ನು ಮಾಡುತ್ತಿಲ್ಲ. ಆದರೆ ತನ್ನ ಓದು, ಮದುವೆ, ಉಳಿತಾಯದ ಬಗ್ಗೆ ಯೋಚಿಸುವುದೇ ಅಪರಾಧವೆನಿಸುವಾಗ ಆ ಪ್ರೀತಿಗೆ ಬೇರೆಯೇ ಬಣ್ಣ ಬರುತ್ತದೆ.

ಹಾಗಿದ್ದರೆ ಅವಳ ತಂದೆ-ತಾಯಿಯನ್ನು ದೂಷಿಸೋಣವೇ? ಅದೂ ಅನ್ಯಾಯ. ಅಲ್ಲಿ ಕಡುಬಡವರಾದ ವೃದ್ಧರಿಗೆ ಸರ್ಕಾರ ಕೊಡುವ ಮಾಸಿಕ ಪಿಂಚಣಿ ಬಹುಕಾಲ 500 ಪೆಸೊ ಇತ್ತು. 2022ರ ಕಾನೂನು ಅದನ್ನು 1,000 ಪೆಸೊಗೆ ಏರಿಸಿತು. ಒಂದು ತಿಂಗಳ ಔಷಧಿಗೂ ಸಾಲದ ಹಣವದು. ಜೀವನವಿಡೀ ಅಸಂಘಟಿತ ಕೆಲಸ ಮಾಡಿದವರಿಗೆ ಮಕ್ಕಳಲ್ಲದೆ ಬೇರೆ ಭದ್ರತೆ ಎಲ್ಲಿದೆ? ತಾನು ಹೊರಬೇಕಾದ ಹೊಣೆಯನ್ನು ಪ್ರಭುತ್ವ ಕುಟುಂಬದ ಮೇಲೆ ಹೊರಿಸಿದೆ. ಬಳಿಕ ಅದನ್ನೇ 'ನಮ್ಮ ಸಂಸ್ಕೃತಿ' ಎಂದು ಕೊಂಡಾಡುತ್ತದೆ. ಕೊಂಡಾಟ ಸಾಲದಾದಾಗ ಶಿಕ್ಷೆಯ ಕಲಮುಗಳನ್ನು ಬರೆಯುತ್ತದೆ. ಯುವಜನರ ಸಿಟ್ಟಿನಲ್ಲಿ ಅರ್ಥವಿರುವುದು ಇಲ್ಲಿ.

ಈ ಬದಲಾವಣೆಯನ್ನು ಅಲ್ಲಿನ ಜನಪ್ರಿಯ ಸಿನಿಮಾಗಳಲ್ಲೂ ಗುರುತಿಸಬಹುದು. 2000ದಲ್ಲಿ ತೆರೆಕಂಡ 'ಅನಾಕ್' ಚಿತ್ರದಲ್ಲಿ ವಿಲ್ಮಾ ಸಾಂಟೋಸ್, ಹಾಂಗ್‌ಕಾಂಗ್‌ನಲ್ಲಿ ದುಡಿದು ಮರಳುವ ತಾಯಿ. ತಾಯಿಯ ತ್ಯಾಗವನ್ನು ಮಕ್ಕಳು ಅರಿಯಬೇಕೆಂಬುದೇ ಅಲ್ಲಿನ ಕಳಕಳಿ. 2024ರ ಕೊನೆಯಲ್ಲಿ ಬಂದ, ವೈಸ್ ಗಾಂಡಾ ನಟಿಸಿದ 'ಅಂಡ್ ದ ಬ್ರೆಡ್‌ವಿನ್ನರ್ ಈಸ್' ಚಿತ್ರದಲ್ಲಿ ದುಡಿದು ಕಳುಹಿಸಿದವರೇ ಕೇಂದ್ರ. ದುಡಿಯುವ ಆ ಜೀವವನ್ನು ಮನೆಯವರು ಅರಿಯಬೇಕೆಂಬುದು ಇಲ್ಲಿನ ಕಳಕಳಿ. ಕಾಲು ಶತಮಾನದಲ್ಲಿ ಪ್ರಶ್ನೆಯ ದಿಕ್ಕೇ ಬದಲಾಗಿದೆ.

ಹಂಗಿನ ಈ ವ್ಯಾಕರಣ ಮನೆಯೊಳಗೆ ನಿಲ್ಲುವುದಿಲ್ಲ. ಆಸ್ಪತ್ರೆಯ ಬಿಲ್ಲಿಗೆ, ಶವಸಂಸ್ಕಾರದ ಖರ್ಚಿಗೆ ನೆರವಾಗುವ ಸ್ಥಳೀಯ ರಾಜಕಾರಣಿ ಚುನಾವಣೆಯಲ್ಲಿ ಅದೇ 'ಒಳಗಿನ ಸಾಲ'ವನ್ನು ಮತವಾಗಿ ಕೇಳುತ್ತಾನೆ. ಕೊಟ್ಟದ್ದು ಸಾರ್ವಜನಿಕರದೇ ಹಣವಾಗಿದ್ದರೂ ಪಡೆದವನು ಕೈಮುಗಿಯುತ್ತಾನೆ. 1987ರ ಸಂವಿಧಾನ ರಾಜಕೀಯ ವಂಶಾಡಳಿತವನ್ನು ನಿಷೇಧಿಸುವುದಾಗಿ ಹೇಳಿ, ಅದರ ವ್ಯಾಖ್ಯೆಯನ್ನು ಕಾನೂನಿಗೆ ಬಿಟ್ಟಿತು. ಅಂಥ ಕಾನೂನು 2025ರವರೆಗೂ ಬರಲಿಲ್ಲ. ಹಾಗೆಯೇ ಸಹನಶೀಲತೆಯ ಗುಣಗಾನ. 2013ರ ನವೆಂಬರ್‌ನಲ್ಲಿ ಹೈಯಾನ್ ಚಂಡಮಾರುತ ಆರು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ಪಡೆದಾಗ, ನೆರೆನೀರಿನಲ್ಲಿ ನಿಂತೂ ನಗುವ ಫಿಲಿಪಿನೊನ ಚಿತ್ರವನ್ನು ಜಗತ್ತು ಮೆಚ್ಚಿಕೊಂಡಿತು. ನಮ್ಮ ತಾಳ್ಮೆಯನ್ನು ಹೊಗಳಿದಷ್ಟೂ ಆಳುವವರು ತಮ್ಮ ಕೆಲಸದಿಂದ ಪಾರಾಗುತ್ತಾರೆ ಎನ್ನುವ ದನಿ ಆಮೇಲಿನ ವರ್ಷಗಳಲ್ಲಿ ಯುವಕರಿಂದ ಬಲವಾಗಿ ಕೇಳಿಬಂತು.

ಹೀಗೆಂದ ಮಾತ್ರಕ್ಕೆ ಅವರು ಹಳೆಯ ಮೌಲ್ಯಗಳನ್ನು ಕೈಬಿಟ್ಟಿದ್ದಾರೆ ಎನ್ನಲಾಗದು. 2021ರ ಏಪ್ರಿಲ್‌ನಲ್ಲಿ, ಕೋವಿಡ್ ನಿರ್ಬಂಧಗಳಿಂದ ಜನ ಕಂಗೆಟ್ಟಿದ್ದಾಗ, 26 ವರ್ಷದ ಆನಾ ಪಟ್ರೀಷಿಯಾ ನಾನ್ ಕೆಜಾನ್ ಸಿಟಿಯ ಮಗಿನ್ಹಾವಾ ಬೀದಿಯಲ್ಲಿ ಬಿದಿರಿನ ಗಾಡಿಯೊಂದನ್ನು ನಿಲ್ಲಿಸಿದರು. ಅದರಲ್ಲಿ ಅಕ್ಕಿ, ತರಕಾರಿ ಮುಂತಾದ ದಿನಸಿ. ಶಕ್ತಿ ಇದ್ದಷ್ಟು ಕೊಡಿ, ಅಗತ್ಯವಿದ್ದಷ್ಟು ಕೊಂಡೊಯ್ಯಿರಿ ಎಂಬರ್ಥದ ಒಂದು ರಟ್ಟಿನ ಫಲಕ. ಕೆಲವೇ ದಿನಗಳಲ್ಲಿ ಇಂಥ ನೂರಾರು ಗಾಡಿಗಳು ದೇಶದ ತುಂಬ ಎದ್ದವು. ಇದರ ಹಿಂದೆ ಕಮ್ಯುನಿಸ್ಟರಿದ್ದಾರೆಂದು ಅಧಿಕಾರಿಗಳು ಶಂಕಿಸಿದ್ದರಿಂದ ಆಕೆ ಕೆಲಕಾಲ ಗಾಡಿಯನ್ನು ನಿಲ್ಲಿಸಬೇಕಾಗಿಯೂ ಬಂತು. ಗಮನಿಸಬೇಕಾದುದೆಂದರೆ, ಅಲ್ಲಿ ಕೊಟ್ಟವರು ಯಾರೆಂದು ಪಡೆದವರಿಗೆ ಗೊತ್ತಿರಲಿಲ್ಲ. ಉಪಕಾರವಿತ್ತು, ಹಂಗಿರಲಿಲ್ಲ. ಎನ್ರಿಕೆಜ್ ಹೇಳಿದ ಕಪ್ವಾ ಅದು.

ನಾಚಿಕೆಯ ವಿಷಯದಲ್ಲೂ ಇಂಥದೇ ಒಂದು ತಿರುವು ಕಂಡಿತು. 2025ರ ಜುಲೈ 28ರಂದು ಅಧ್ಯಕ್ಷ ಫರ್ಡಿನಂಡ್ ಮಾರ್ಕೋಸ್ ಜೂನಿಯರ್ ತಮ್ಮ ವಾರ್ಷಿಕ ಭಾಷಣದಲ್ಲಿ, ಪ್ರವಾಹ ನಿಯಂತ್ರಣ ಕಾಮಗಾರಿಗಳ ಹಣ ನುಂಗಿದವರನ್ನುದ್ದೇಶಿಸಿ, ನಿಮ್ಮ ಸಹ ಫಿಲಿಪಿನೊಗಳೆದುರು ನಾಚಿಕೆಪಡಿ ಎಂದು ಗದರಿದರು. ನೀವು ಮಾಡಿದ ಸಾಲವನ್ನು ಹೊರಬೇಕಾದ ಮಕ್ಕಳೆದುರು ನಾಚಿಕೆಪಡಿ ಎಂದೂ ಹೇಳಿದರು. ಹಿಯಾ, ಕಪ್ವಾ, ಉತಂಗ್ ಎಂಬ ಮೂರೂ ಪದಗಳು ಆ ಕೆಲವೇ ವಾಕ್ಯಗಳಲ್ಲಿ ಬಂದವು. ಯುವಜನರು ಆ ಮಾತನ್ನು ಅಧ್ಯಕ್ಷರಿಗಿಂತ ಗಂಭೀರವಾಗಿ ತೆಗೆದುಕೊಂಡರು. ಗುತ್ತಿಗೆದಾರರ, ರಾಜಕಾರಣಿಗಳ ಮಕ್ಕಳು ಸಾಮಾಜಿಕ ಜಾಲತಾಣಗಳಲ್ಲಿ ಮೆರೆಸಿದ್ದ ಕಾರು, ಕೈಚೀಲ, ವಿದೇಶ ಪ್ರವಾಸಗಳ ಲೆಕ್ಕ ಕೇಳಿದರು. ಸೆಪ್ಟೆಂಬರ್ 21ರಂದು ಮನಿಲಾದ ಲುನೆಟಾ ಉದ್ಯಾನ ಮತ್ತು ಎಡ್ಸಾ ಹೆದ್ದಾರಿಯಲ್ಲಿ ಹತ್ತಾರು ಸಾವಿರ ಜನ ಸೇರಿದರು. ಅದು 1972ರಲ್ಲಿ ಇದೇ ಅಧ್ಯಕ್ಷರ ತಂದೆ ಸೇನಾಡಳಿತದ ಘೋಷಣೆಗೆ ಹಾಕಿದ್ದ ದಿನಾಂಕ. ಕಿರಿಯರು ಹಿರಿಯರೆದುರು ಪಡಬೇಕಾದ ಸಂಕೋಚವಾಗಿದ್ದ ಹಿಯಾ ಅಂದು ಅಧಿಕಾರಸ್ಥರು ಜನರೆದುರು ಪಡಬೇಕಾದ ಲಜ್ಜೆಯಾಯಿತು.

ಹಾಗೆಂದು ಯುವಪೀಳಿಗೆಯನ್ನು ಆದರ್ಶೀಕರಿಸುವುದೂ ಸರಿಯಲ್ಲ. 2022ರಲ್ಲಿ ಲೆನಿ ರೊಬ್ರೆಡೊ ಪರ ಮನೆಮನೆಗೆ ಅಲೆದವರಲ್ಲಿ ಯುವಕರಿದ್ದರು. ಮಾರ್ಕೋಸ್ ಜೂನಿಯರ್ ಅವರಿಗೆ ಬಿದ್ದ ಮೂರು ಕೋಟಿಗೂ ಮಿಕ್ಕ ಮತಗಳಲ್ಲಿಯೂ ಯುವಕರ ಪಾಲು ದೊಡ್ಡದೇ ಇತ್ತು. ಭ್ರಷ್ಟರ ಮಕ್ಕಳ ಕೈಚೀಲವನ್ನು ಮೂದಲಿಸುವವರಲ್ಲಿ ಅದೇ ಕೈಚೀಲದ ಆಸೆ ಇರುವವರೂ ಇದ್ದಾರು. 'ನನ್ನ ನೆಮ್ಮದಿ ನನಗೆ ಮುಖ್ಯ' ಎಂಬ ಮಾತು ಮಧ್ಯಮವರ್ಗದ ಮಕ್ಕಳಿಗೆ ಸುಲಭ. ಕೊಳೆಗೇರಿಯ ಒಂದೇ ಕೋಣೆಯಲ್ಲಿ ಮೂರು ತಲೆಮಾರು ಮಲಗುವ ಮನೆಯಲ್ಲಿ ಅದಕ್ಕೆ ಜಾಗವಿಲ್ಲ. ಋಣವನ್ನು ಪೂರ್ತಿ ಅಳಿಸಿಹಾಕಿ, ಪ್ರತಿಯೊಬ್ಬನೂ ತನ್ನ ಪಾಡಿಗೆ ತಾನು ಬದುಕುವ ಸಮಾಜದಲ್ಲಿ ವೃದ್ಧರ ಗತಿ ಏನಾಗುತ್ತದೆಂಬುದನ್ನು ಶ್ರೀಮಂತ ದೇಶಗಳ ವೃದ್ಧಾಶ್ರಮಗಳಲ್ಲಿ ಶುಶ್ರೂಷೆ ಮಾಡುವ ಫಿಲಿಪಿನೊ ದಾದಿಯರು ಬೇರೆಲ್ಲರಿಗಿಂತ ಚೆನ್ನಾಗಿ ಬಲ್ಲರು.

ಆದ್ದರಿಂದ ಪರಂಪರೆಯೋ ಆಧುನಿಕತೆಯೋ ಎಂಬ ಸವೆದ ಪ್ರಶ್ನೆ ಇಲ್ಲಿ ಉಪಯೋಗಕ್ಕೆ ಬಾರದು. 2020ರಲ್ಲಿ ಫಿಲಿಪ್ಪೀನ್ಸ್ ಸಂಸತ್ತು ಶಾಲೆಗಳಲ್ಲಿ ಮೌಲ್ಯಶಿಕ್ಷಣವನ್ನು ಕಡ್ಡಾಯಗೊಳಿಸಿ ಕಾನೂನು ಮಾಡಿತು. ಮಕ್ಕಳಿಗೆ ಕೃತಜ್ಞತೆಯ ಪಾಠ ಹೇಳುವುದು ಒಳ್ಳೆಯದೇ. ಆದರೆ ಮುಪ್ಪಿನಲ್ಲಿ ಗೌರವದಿಂದ ಬದುಕಲು ಸಾಕಾಗುವ ಪಿಂಚಣಿ, ಕಾಯಿಲೆ ಬಿದ್ದಾಗ ಯಾವ ರಾಜಕಾರಣಿಯ ಮುಂದೆಯೂ ಕೈಚಾಚಬೇಕಾಗದ ಆಸ್ಪತ್ರೆ, ಊರಿನಲ್ಲೇ ಸಿಗುವ ಯೋಗ್ಯ ಕೆಲಸ ಇವು ಇದ್ದಾಗ ಮಾತ್ರ ಆ ಹಿರಿಯ ಮಗಳು ತಾಯಿಗೆ ಹಣ ಕಳುಹಿಸುವುದೂ ಬಿಡುವುದೂ ಅವಳದೇ ತೀರ್ಮಾನವಾಗುತ್ತದೆ. ಆಗ ಅವಳು ಖಂಡಿತ ಕಳುಹಿಸುತ್ತಾಳೆ ಎಂದು ನಂಬಲು ಕಾರಣಗಳಿವೆ. ಮಗಿನ್ಹಾವಾದ ಬಿದಿರಿನ ಗಾಡಿಗೆ ಅಕ್ಕಿ ತಂದು ಸುರಿದವರನ್ನು ಯಾವ ಕಾನೂನೂ ಬೆದರಿಸಿರಲಿಲ್ಲ. 2007ರಿಂದಲೇ ಇಂಥದೇ ಕಾಯ್ದೆಯನ್ನು ಇಟ್ಟುಕೊಂಡಿರುವ ನಾವೂ, ನಮ್ಮ ಮುದುಕರು ಮಕ್ಕಳ ಮೇಲೆ ದೂರು ಹೊತ್ತು ಉಪವಿಭಾಗಾಧಿಕಾರಿಯ ಕಚೇರಿಯ ಮೆಟ್ಟಿಲೇರುವುದನ್ನು ನೋಡುವಾಗ, ಮನಿಲಾದ ಯುವಜನರ ಪ್ರಶ್ನೆಯನ್ನು ಒಮ್ಮೆ ನಮಗೆ ನಾವೇ ಕೇಳಿಕೊಳ್ಳಬೇಕಾಗಿದೆ.