ವಿಡಿಯೊ ಎಡವುವುದೇಕೆ?

ಊರಿನ ಜಾತ್ರೆ, ತಂಗಿಯ ಮದುವೆ, ಮೇಳದವರ ಆಟ ಇವುಗಳನ್ನು ಮೊಬೈಲಿನಲ್ಲಿ ಹಿಡಿದು ತಂದು, ಪರವೂರಿನ ಕೋಣೆಯಲ್ಲಿ ನಾಲ್ಕು ಮಂದಿ ಒಟ್ಟುಗೂಡಿ ಟೀವಿಯಲ್ಲಿ ನೋಡುವ ಪದ್ಧತಿಯು ನಮ್ಮವರಲ್ಲಿ ಉಂಟಷ್ಟೆ. ಹಳೆಯ ಟೀವಿಯು ಆ ಫೈಲನ್ನು ಒಪ್ಪದಿದ್ದರೆ ಕಂಪ್ಯೂಟರಿನಲ್ಲಿ ಅದನ್ನು ಬೇರೊಂದು ರೂಪಕ್ಕೆ ಮಾರ್ಪಡಿಸುತ್ತೇವೆ. ಆಗಲೇ ತೊಡಕು ತಲೆದೋರುವುದು. ಭಾಗವತರ ಪದವು ಸರಾಗವಾಗಿ ಕೇಳಿಸುತ್ತದೆ. ವೇಷಧಾರಿಯು ದಿಗಿಣ ಹಾರುವಾಗ ಮಾತ್ರ ಚಿತ್ರವು ಎಡವಿ ಎಡವಿ ಮುಂದುವರಿಯುತ್ತದೆ. ಮೊಬೈಲನ್ನು ಬೈದು, ಅಸಲು ಫೈಲನ್ನೂ ಅಳಿಸಿ ಕುಳಿತ ಮಹನೀಯರನ್ನು ನಾವು ಬಲ್ಲೆವು. ಆದರೆ ಅನೇಕ ವೇಳೆ ದೋಷವಿರುವುದು ಮೊಬೈಲಿನಲ್ಲಲ್ಲ, ಲೆಕ್ಕದಲ್ಲಿ.

ಚಲಚ್ಚಿತ್ರವೆಂಬುದು ನಿಂತ ಚಿತ್ರಗಳ ಸಾಲು. 1913ರಲ್ಲಿ ಮುಂಬಯಿಯಲ್ಲಿ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ವು ತೆರೆಕಂಡ ಕಾಲದಲ್ಲಿ ಕ್ಯಾಮರಾವನ್ನು ಕೈಯಿಂದ ತಿರುಗಿಸುತ್ತಿದ್ದರು; ವೇಗಕ್ಕೆ ಒಂದೇ ಕಟ್ಟಳೆಯೆಂಬುದಿರಲಿಲ್ಲ. ಸಿನಿಮಾಕ್ಕೆ ಮಾತು ಬಂದ ಮೇಲೆ, ಧ್ವನಿಯ ಸಲುವಾಗಿ, ಸೆಕೆಂಡಿಗೆ 24 ಚಿತ್ರಗಳೆಂದು ಗೊತ್ತಾಯಿತು. ನಮ್ಮ ದೇಶದ ಟೀವಿಯ ಎಣಿಕೆ 25, ಅಮೆರಿಕದ್ದು ಸುಮಾರು 30. ಮೊಬೈಲುಗಳೂ ಸಾಮಾನ್ಯವಾಗಿ 30ರ ಆಸುಪಾಸಿನಲ್ಲಿ ಹಿಡಿಯುತ್ತವೆ. ಬೆಳಕು ಸಾಲದೆ ಹೋದಾಗ ಎಣಿಕೆಯನ್ನು ತಾವಾಗಿಯೇ ಇಳಿಸುವಂಥವೂ ಅವುಗಳಲ್ಲಿ ಉಂಟು. ರಾತ್ರಿಯ ಆಟದಲ್ಲಿ ಕೇಳುವುದೇ ಬೇಡ.

ಈಗ 30ರ ಫೈಲನ್ನು 25ಕ್ಕೆ ಇಳಿಸಿದಿರೆನ್ನಿ. ಪ್ರತಿ ಆರು ಚಿತ್ರಗಳಲ್ಲಿ ಒಂದನ್ನು ಕಂಪ್ಯೂಟರು ಬಿಸಾಡುತ್ತದೆ. 24ನ್ನು 30ಕ್ಕೆ ಏರಿಸಿದರೆ ಪ್ರತಿ ನಾಲ್ಕರಲ್ಲಿ ಒಂದನ್ನು ಎರಡು ಬಾರಿ ತೋರಿಸುತ್ತದೆ. ಕುಳಿತು ಹಾಡುವವರಲ್ಲಿ ಇದು ಕಾಣದು. ಕುಣಿತದಲ್ಲಿ ಕಣ್ಣಿಗೆ ಹೊಡೆಯುತ್ತದೆ. ಬಿಸಾಡಿದ ಚಿತ್ರವನ್ನು ಹೊಸ ಫೈಲಿನಿಂದ ಮರಳಿ ಪಡೆಯಲಾಗದು. ಅಸಲು ಉಳಿದಿದ್ದರೆ ಮಾತ್ರ ದಾರಿಯುಂಟು.

ಚಿಕಿತ್ಸೆಗೆ ಮುಂಚೆ ರೋಗವನ್ನು ತಿಳಿಯತಕ್ಕದ್ದು. ಎರಡೂ ಫೈಲುಗಳನ್ನು ಒಂದೇ ಕಂಪ್ಯೂಟರಿನಲ್ಲಿ ನಡೆಸಿ ನೋಡಿರಿ. ಅಸಲೂ ಎಡವಿದರೆ ಆ ಕಂಪ್ಯೂಟರಿನ ಶಕ್ತಿಯೇ ಸಾಲದೆ ಇರಬಹುದು. ಅಲ್ಲಿ ಎರಡೂ ಸರಾಗವಾಗಿದ್ದು ಟೀವಿಯಲ್ಲಿ ಮಾತ್ರ ಎಡವಿದರೆ ಟೀವಿಯನ್ನೋ ಪೆನ್‌ಡ್ರೈವನ್ನೋ ಸಂಶಯಿಸಿರಿ. ಅಸಲು ಸರಾಗವಾಗಿದ್ದು ನಕಲು ಮಾತ್ರ ಎಡವಿದರೆ ಮಾರ್ಪಾಟೇ ಕಾರಣ. ವಿಎಲ್‌ಸಿಯಲ್ಲಿ ಇಂಗ್ಲಿಷಿನ ‘ಇ’ ಅಕ್ಷರವನ್ನು ಒತ್ತುತ್ತ ಹೋದರೆ ಒಂದೊಂದೇ ಚಿತ್ರ ಮುಂದಕ್ಕೆ ಸರಿಯುತ್ತದೆ. ಓಡುವ ಮನುಷ್ಯನು ಆಗಾಗ ಒಂದು ಹೆಜ್ಜೆ ನಿಂತುಬಿಟ್ಟರೆ ಅಲ್ಲಿ ಚಿತ್ರವು ಇಮ್ಮಡಿಯಾಗಿದೆಯೆಂದು ತಿಳಿಯಿರಿ.

ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಧನದಲ್ಲಿ ವಿಡಿಯೊ ವಿಭಾಗವನ್ನು ತೆರೆದು, ಫ್ರೇಮ್‌ರೇಟ್ ಎಂಬಲ್ಲಿ 25, 30 ಮುಂತಾದ ಅಂಕೆಗಳನ್ನು ಬಿಟ್ಟು ‘ಸೇಮ್ ಆ್ಯಸ್ ಸೋರ್ಸ್’ ಎಂಬುದನ್ನು ಆರಿಸಿರಿ. ಏರಿಳಿಯುವ ಎಣಿಕೆಯ ಮೊಬೈಲ್ ಫೈಲಾದರೆ ಮಾತ್ರ 30 ಎಂದೇ ಕೊಟ್ಟು, ‘ಕಾನ್‌ಸ್ಟಂಟ್’ ಎಂಬುದನ್ನು ಗುರುತು ಮಾಡುವುದು ಮೇಲು. ಏರಿಳಿತವನ್ನು ಕೆಲವು ಟೀವಿಗಳು ಸಹಿಸಲಾರವು.

ಹಳೆಯ ಮದುವೆಯ ಕ್ಯಾಸೆಟ್ಟುಗಳ ಸಂಗತಿಯೇ ಬೇರೆ. ಅವುಗಳಲ್ಲಿ ಸೆಕೆಂಡಿಗೆ 50 ಅರ್ಧಚಿತ್ರಗಳಿರುತ್ತವೆ: ಒಂದರಲ್ಲಿ ಬೆಸ ಗೆರೆಗಳು, ಮುಂದಿನದರಲ್ಲಿ ಸಮ ಗೆರೆಗಳು. ಇವುಗಳ ಸರದಿಯು ಅದಲುಬದಲಾದರೆ ನಡೆಯುವ ಮದುಮಗಳು ಮುಂದೊಂದು ಹೆಜ್ಜೆ, ಹಿಂದೊಂದು ಹೆಜ್ಜೆಯಿಟ್ಟಂತೆ ನಡುಗುತ್ತಾಳೆ. ಸರದಿಯು ಸರಿಯಿದ್ದ ಫೈಲಿಗೆ ‘ಡಿಇಂಟರ್‌ಲೇಸ್’ ವಿಭಾಗದಲ್ಲಿ ‘ಬಾಬ್’ ಎಂಬುದನ್ನು ಆರಿಸಿದರೆ 50 ಪೂರ್ಣ ಚಿತ್ರಗಳಾಗಿ ಚಲನೆಯು ನಯವಾಗುತ್ತದೆ.

ಎಷ್ಟೋ ವೇಳೆ ಮಾರ್ಪಾಟೇ ಬೇಕಾಗಿರುವುದಿಲ್ಲ. ಎಂಕೆವಿ, ಎಂಪಿ4 ಎಂಬುವು ಕೇವಲ ಪಾತ್ರೆಗಳು. ಒಳಗಿನ ಹಿಟ್ಟು ಚೆನ್ನಾಗಿರುವಾಗ ಪಾತ್ರೆ ಬದಲಿಸಿದರೆ ಸಾಕು; ಪುನಃ ರುಬ್ಬುವವರುಂಟೆ? ಎಫ್‌ಎಫ್‌ಎಂಪೆಗ್ ಎಂಬ ಸಾಧನದ ‘ಕಾಪಿ’ ಕ್ರಮವು ಮಾಡುವುದು ಇದನ್ನೇ. ಅದರಿಂದ ಒಂದು ಚಿತ್ರವೂ ಕೆಡುವುದಿಲ್ಲ, ಕೆಲಸವೂ ಬೇಗ ಮುಗಿಯುತ್ತದೆ.

ಮಾರ್ಪಡಿಸಲೇಬೇಕಾದರೆ ಇಡೀ ರಾತ್ರಿಯ ಆಟವನ್ನು ಒಮ್ಮೆಗೇ ಒಡ್ಡದೆ, ಕುಣಿತವಿರುವ ಒಂದು ನಿಮಿಷವನ್ನು ಮೊದಲು ಮಾಡಿ ಟೀವಿಯಲ್ಲಿ ಪರೀಕ್ಷಿಸಿರಿ. ಸರಿಬಂದ ತರುವಾಯ ಉಳಿದುದನ್ನು ರಾತ್ರಿ ಮಲಗುವಾಗ ಹಚ್ಚಿಟ್ಟರಾಯಿತು.