ಒಬ್ಬನನ್ನು ಬಿಟ್ಟರೆ ಉಳಿದವರ ಗತಿ?

ಪರಸ್ಥಳದಲ್ಲಿರುವ ನಾವು ಸಾಲ ಮಾಡುವುದು ಅನೇಕ ವೇಳೆ ಊರಿನವರೊಡನೆ ಸೇರಿ. ಪತ್ರದ ಮೇಲೆ ಮೂರು ಸಹಿಗಳಿದ್ದರೆ ಕೊಡುವವನಿಗೂ ಧೈರ್ಯ, ಕೊಳ್ಳುವವರಿಗೂ ಧೈರ್ಯ. ಆ ಮೂವರಲ್ಲಿ ಒಬ್ಬನನ್ನು ಸಾಲಿಗನೇ ಬಿಟ್ಟುಬಿಟ್ಟರೆ?

ಇಂಥ ಪ್ರಸಂಗವೊಂದು ಮುಂಬಯಿಯಲ್ಲಿ ನಮ್ಮ ನೆರೆಯಲ್ಲೇ ನಡೆಯಿತು. ಮೂವರು ಗೆಳೆಯರು ಖಾನಾವಳಿ ಇಡಲೆಂದು ಪರಿಚಯದ ವ್ಯಾಪಾರಿಯೊಬ್ಬನಿಗೆ ಒಟ್ಟಾಗಿ ಪತ್ರ ಬರೆದುಕೊಟ್ಟು ೩ ಲಕ್ಷ ರೂಪಾಯಿ ತಂದರು. ಖಾನಾವಳಿ ನಡೆಯಲಿಲ್ಲ. ಒಬ್ಬಾತ ತಂದೆಯ ಕಾಯಿಲೆಯೆಂದು ಊರು ಸೇರಿದ. ವ್ಯಾಪಾರಿ ಮರುಗಿ, ನಿನ್ನಿಂದ ನನಗೇನೂ ಬರಬೇಕಾದ್ದಿಲ್ಲವೆಂದು ಅವನಿಗೆ ಬರೆದುಕೊಟ್ಟ. ಉಳಿದಿಬ್ಬರಿಗೂ ಹಿಗ್ಗೋ ಹಿಗ್ಗು. ಪತ್ರ ಒಂದೇ, ಸಾಲ ಒಂದೇ. ಒಬ್ಬನದು ಹರಿದರೆ ಎಲ್ಲರದೂ ಹರಿದಂತೆ! ತಿಂಗಳೊಳಗೆ ಪೂರ್ತಿ ೩ ಲಕ್ಷಕ್ಕೆ ನೋಟೀಸು ಬಂತು. ಮನೆಯಲ್ಲಿ ಹೆಂಗಸರ ಬಳೆಗಳ ಮಾತು ಎದ್ದಾಗ ಇಬ್ಬರೂ ಕಾಗದ ಹಿಡಿದು ನಮ್ಮಲ್ಲಿಗೆ ಬಂದರು. ನಾವು ವಕೀಲರಲ್ಲ, ಆದರೆ ಕಚೇರಿಯ ಅಭ್ಯಾಸದಿಂದ ಕಾಯಿದೆಯ ಪುಸ್ತಕ ತೆರೆದು ಓದಬಲ್ಲೆವು.

ಅವರ ತರ್ಕ ಹುಚ್ಚಿನದೇನಲ್ಲ. ಇಂಗ್ಲೆಂಡಿನ ಹಳೆಯ ನ್ಯಾಯ ಹಾಗೆಯೇ ಇತ್ತು: ಜಂಟಿ ಸಾಲಗಾರರಲ್ಲಿ ಒಬ್ಬನಿಗೆ ಬಿಡುಗಡೆ ಕೊಟ್ಟರೆ ಎಲ್ಲರಿಗೂ ಬಿಡುಗಡೆ. ೧೮೭೨ರ ನಮ್ಮ ಕರಾರು ಕಾಯಿದೆ ಅದನ್ನು ಒಪ್ಪಲಿಲ್ಲ. ಅದರ ೪೩ನೆಯ ಕಲಮಿನಂತೆ, ಪತ್ರದಲ್ಲಿ ಬೇರೆ ಮಾತಿಲ್ಲದಿದ್ದರೆ, ಪೂರ್ತಿ ಹಣವನ್ನು ಯಾರೊಬ್ಬನಿಂದಲಾದರೂ ಕೇಳಬಹುದು. ೪೪ನೆಯದರಂತೆ, ಒಬ್ಬನನ್ನು ಬಿಟ್ಟರೆ ಉಳಿದವರು ಬಿಟ್ಟುಹೋಗುವುದಿಲ್ಲ.

ಇಷ್ಟು ಓದುವಾಗಲೇ ಅವರ ಮುಖ ಬಾಡಿತು. ಆದರೆ ಆ ಕಲಮಿಗೆ ಇನ್ನೊಂದು ಅರ್ಧವಿದೆ. ಊರಿಗೆ ಹೋದವನು ಓದಬೇಕಾದ್ದು ಅದನ್ನು. ಬಿಡುಗಡೆ ಪಡೆದವನು ಸಾಲಿಗನಿಗೆ ಮಾತ್ರ ಉತ್ತರ ಹೇಳಬೇಕಾಗಿಲ್ಲ. ಜೊತೆಗಾರರಿಗೆ ಅವನು ಹೊಣೆಯೇ. ಇವರಿಬ್ಬರು ತಲಾ ಒಂದೂವರೆ ಲಕ್ಷ ತೆತ್ತರೆ, ಅವನ ಪಾಲಿನ ಒಂದು ಲಕ್ಷದಲ್ಲಿ ತಲಾ ೫೦,೦೦೦ವನ್ನು ಅವನಿಂದ ಕೇಳಬಹುದು. ಸಾಲಿಗನ ದಯೆ ಗೆಳೆಯರ ಗಂಟಿನಿಂದ ನಡೆಯಬಾರದಷ್ಟೆ.

ಜಾಮೀನು ಹಾಕಿದವರ ಮಾತು ಬೇರೆ. ಸಾಲಿಗನು ಕರಾರು ಮಾಡಿಕೊಂಡು ಮುಖ್ಯ ಸಾಲಗಾರನನ್ನೇ ಬಿಟ್ಟರೆ ೧೩೪ನೆಯ ಕಲಮಿನಂತೆ ಜಾಮೀನುದಾರನೂ ಬಿಡುಗಡೆ ಹೊಂದುತ್ತಾನೆ. ಇಬ್ಬರು ಜಾಮೀನುದಾರರಲ್ಲಿ ಒಬ್ಬನನ್ನು ಬಿಟ್ಟರೆ, ೧೩೮ರಂತೆ, ಇನ್ನೊಬ್ಬ ಉಳಿಯುತ್ತಾನೆ. ಆದ್ದರಿಂದ ಸಹಿ ಮಾಡುವಾಗ ಸಾಲಗಾರನ ಸಾಲಿನಲ್ಲೋ ಜಾಮೀನಿನ ಸಾಲಿನಲ್ಲೋ ಎಂದು ಕಣ್ಣಿಟ್ಟು ನೋಡುವುದು ಒಳ್ಳೆಯದು.

ಗೆಳೆಯರು ಊರಿಗೆ ಕಾಗದ ಬರೆದರು. "ಸಾಹುಕಾರರೇ ಬಿಟ್ಟ ಮೇಲೆ ಕೇಳಲು ನೀವು ಯಾರು?" ಎಂದು ಉತ್ತರ ಬಂತು. ಕಲಮಿನ ಕನ್ನಡ ತಾತ್ಪರ್ಯವನ್ನು ನಾವೇ ಬರೆದು ಕಳಿಸಿದೆವು. ದೀಪಾವಳಿಗೆ ಮೊದಲ ಕಂತು ೧೦,೦೦೦ ಬಂತು, ಜೊತೆಗೆ ಕ್ಷೇಮಸಮಾಚಾರದ ಒಂದಕ್ಷರವೂ ಇಲ್ಲದೆ.